ಬಿಡಿ ಅಕ್ಕಾ, ನಾನು ಮಾಡ್ತೀನಿ

ಅರಸೀಕೆರೆ
14 ಜುಲೈ 2024, ಭಾನುವಾರ

ಹೇಮಾ,

ನಾನು ಕ್ಷೇಮ ಎಂದು ಶುರು ಮಾಡುವುದಿಲ್ಲ. ಕ್ಷೇಮವಾಗಿದ್ದಿದ್ದರೆ ಕಾಗದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆಲ್ಲ ಎರಡೆರಡು ನೀಲಿ ಗೀಟು ಬಂದಿವೆ, ಉತ್ತರ ಮಾತ್ರ ಇಲ್ಲ. ಓದಿಯೂ ಸುಮ್ಮನಿರುವವಳ ಹತ್ತಿರ ಜಗಳವಾದರೂ ಹೇಗೆ ಆಡಲಿ? ಹಳೇಬೀಡಿನ ನಿನ್ನ ಹೊಸ ಶಾಲೆಗೆ ಕಾಗದ ಬಂದರೆ ನಾಲ್ಕು ಜನ "ಯಾರದು ಮೇಡಂ?" ಎಂದು ಕೇಳುತ್ತಾರೆ. ಆಗ ಒಡೆದು ಓದಲೇಬೇಕು ನೀನು.

ನಿನ್ನ ಸಿಟ್ಟು ನನಗೆ ಗೊತ್ತು. ಜೂನ್ ತಿಂಗಳಲ್ಲಿ ಆ ಸುತ್ತೋಲೆ ಬಂತಲ್ಲ, ಮೂರು ಶಾಲೆಗೆ ಒಬ್ಬರಂತೆ ಮಾರ್ಗದರ್ಶಿ ಶಿಕ್ಷಕರನ್ನು ಆರಿಸಬೇಕು, ಅವರು ತರಬೇತಿ ಪಡೆದು ಬಂದು ಜೊತೆಯ ಶಿಕ್ಷಕರಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಇಟ್ಟುಕೊಂಡು ಪಾಠ ಮಾಡುವುದನ್ನು ಕಲಿಸಬೇಕು ಅಂತ. ಕಣಕಟ್ಟೆ ಹೋಬಳಿಯಲ್ಲಿ ಅದಕ್ಕೆ ಲಾಯಕ್ಕಾದವಳು ನೀನೊಬ್ಬಳೇ ಎಂದು ಶಾಲೆಯ ಬೆಲ್ಲು ಹೊಡೆಯುವವರಿಗೂ ಗೊತ್ತಿತ್ತು. ನಮ್ಮ ಹೆಡ್‌ಮಾಸ್ಟರು ಮಾತ್ರ ಹಿರಿತನದ ಪಟ್ಟಿ ತೆಗೆದು ಮೊದಲನೇ ಹೆಸರು ಬರೆದು ಕಳಿಸಿಬಿಟ್ಟರು. ಮೊದಲನೇ ಹೆಸರು ನನ್ನದು. ನಾನು ಬೇಡ ಅನ್ನಲಿಲ್ಲ, ಹೇಮಾಳನ್ನು ಕಳಿಸಿ ಅಂತಲೂ ಅನ್ನಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ತಿಂಗಳು ಮುಗಿಯುವುದರೊಳಗೆ ನೀನು ವರ್ಗಾವಣೆ ತೆಗೆದುಕೊಂಡು ಹೊರಟುಹೋದೆ. ಒಂಬತ್ತು ವರ್ಷ ಪಕ್ಕ ಪಕ್ಕ ಕೂತು ಕೆಲಸ ಮಾಡಿದವಳು ಹೋಗ್ತೀನಿ ಅಂತಲೂ ಹೇಳಲಿಲ್ಲ.

ಹಾಸನದಲ್ಲಿ ಐದು ದಿನ ತರಬೇತಿ ಆಯಿತು. ನಲವತ್ತು ಜನರಲ್ಲಿ ಮೂವತ್ತು ಜನ ನನ್ನಂಥವರೇ, ಎಲ್ಲರೂ ಹಿರಿತನದ ಮೇಲೆ ಬಂದವರು. ಹೇಳಿಕೊಡುವ ಹುಡುಗ ಪಟಪಟನೆ ಪರದೆಯ ಮೇಲೆ ಏನೇನೋ ಮಾಡಿ "ಅರ್ಥ ಆಯ್ತಲ್ವಾ ಮೇಡಂ?" ಎನ್ನುತ್ತಿದ್ದ. ಐವತ್ತೇಳು ವರ್ಷದವಳು ಅಷ್ಟು ಜನರ ನಡುವೆ ಆಗಲಿಲ್ಲ ಎನ್ನುವುದು ಹೇಗೆ? ಆಯ್ತು ಅಂದೆ. ಮನೆಯಲ್ಲಿ ನಮ್ಮ ಯಜಮಾನರು ಬೇರೆ, ಮೂವತ್ತು ವರ್ಷ ಲೈನ್‌ಮನ್ ಕೆಲಸ ಮಾಡಿದ ನಾಲಿಗೆ ಅದು, "ಏನಮ್ಮಾ ಟೀಚರಮ್ಮ, ಸ್ವಿಚ್ ಎಲ್ಲೈತೆ ಅಂತನಾದ್ರೂ ಹೇಳ್ಕೊಟ್ರಾ?" ಎಂದು ಕೇಳಿದರು. ಅದನ್ನೂ ಸರಿಯಾಗಿ ಹೇಳಿಕೊಟ್ಟಿಲ್ಲ ಕಣೇ.

ಆಗಸ್ಟಿನಿಂದ ಮೂರು ಶಾಲೆಗೆ ಹೋಗಬೇಕು. ಜನವರಿ ಹದಿನೆಂಟಕ್ಕೆ ಅರಸೀಕೆರೆಯಲ್ಲಿ ಅಧಿಕಾರಿಗಳ ಮುಂದೆ, ಇಡೀ ತಾಲ್ಲೂಕಿನ ಶಿಕ್ಷಕರ ಮುಂದೆ ಮಾಡಿ ತೋರಿಸಬೇಕು. ಆವತ್ತು ನನ್ನ ಬಣ್ಣ ಬಯಲಾದರೆ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಉಳಿಸಿಕೊಂಡ ಮರ್ಯಾದೆ ಅಷ್ಟೂ ಹೋಗುತ್ತದೆ. ಪ್ರೊಜೆಕ್ಟರು ಹೇಗೆ ಹಚ್ಚಬೇಕು ಎನ್ನುವುದನ್ನು ಬರೆದು ಕಳಿಸು. ಬೈದು ಬರೆದರೂ ಪರವಾಗಿಲ್ಲ.

ನಿನ್ನ
ಗಿರಿಯಮ್ಮಕ್ಕ


ಹಳೇಬೀಡು
27 ಜುಲೈ 2024

ಗಿರಿಯಮ್ಮ ಮೇಡಂ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಕೇಳಿದ ಮಾಹಿತಿ ಹೀಗಿದೆ.

ಮೊದಲು ಯುಪಿಎಸ್ ಆನ್ ಮಾಡಿ. ಅದು ಕುಂಯ್ ಎಂದರೆ ಹೆದರಬೇಡಿ, ಕರೆಂಟ್ ಇಲ್ಲ ಎಂದು ಅರ್ಥ. ಆಮೇಲೆ ಪ್ರೊಜೆಕ್ಟರಿನ ಬಟನ್ ಒಂದು ಸಲ ಒತ್ತಿ ಒಂದು ನಿಮಿಷ ಕಾಯಿರಿ. ಬೆಳಕು ಬರುವವರೆಗೆ ಏನನ್ನೂ ಮುಟ್ಟಬೇಡಿ. ಪ್ರೊಜೆಕ್ಟರಿನಿಂದ ಬರುವ ದಪ್ಪ ವೈರನ್ನು ಲ್ಯಾಪ್‌ಟಾಪಿನ ಎಡಗಡೆ ಸಿಕ್ಕಿಸಿ. ಅದು ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಒತ್ತಾಯ ಮಾಡಬೇಡಿ, ಹೋಗದಿದ್ದರೆ ತಿರುಗಿಸಿ. ಗೋಡೆಯ ಮೇಲೆ ಚಿತ್ರ ಬರದಿದ್ದರೆ ಕೀಲಿಮಣೆಯ ಕೆಳಸಾಲಿನಲ್ಲಿ ನಾಲ್ಕು ಚೌಕದ ಕಿಟಕಿ ಗುರುತಿನ ಕೀ ಇದೆ, ಅದನ್ನು ಒತ್ತಿ ಹಿಡಿದುಕೊಂಡೇ ಪಿ ಅಕ್ಷರ ಒತ್ತಿ. ನಾಲ್ಕು ಸಾಲು ಬರುತ್ತವೆ. ಮೇಲಿನಿಂದ ಎರಡನೆಯದನ್ನು ಆರಿಸಿ.

ಮುಗಿದ ಮೇಲೆ ಗೋಡೆಯ ಸ್ವಿಚ್ ನೇರವಾಗಿ ಆರಿಸಬಾರದು, ಬಲ್ಬು ಹೋಗುತ್ತದೆ. ಪ್ರೊಜೆಕ್ಟರಿನ ಬಟನ್ ಎರಡು ಸಲ ಒತ್ತಿ, ಫ್ಯಾನಿನ ಸದ್ದು ನಿಲ್ಲುವವರೆಗೆ ಕಾಯಿರಿ.

ಇಷ್ಟು ಸಾಕೆಂದು ಭಾವಿಸುತ್ತೇನೆ.

ತಮ್ಮ ವಿಶ್ವಾಸಿ
ಹೇಮಾಶ್ರೀ
ಸಹಶಿಕ್ಷಕಿ


ಅರಸೀಕೆರೆ
11 ಆಗಸ್ಟ್ 2024, ಭಾನುವಾರ

ಹೇಮಾ,

ಮೇಡಂ ಅಂತೆ, ತಾವು ಅಂತೆ, ಸಹಶಿಕ್ಷಕಿ ಅಂತೆ. ಆಫೀಸಿನಿಂದ ನೋಟೀಸು ಬಂದಿದೆಯೇನೋ ಎಂದು ಯಜಮಾನರು ಗಾಬರಿಯಾದರು. ಇರಲಿ. ನಾನೇ ಸಂಪಾದಿಸಿಕೊಂಡ ಮೇಡಂ ಅದು, ಇಟ್ಟುಕೊಳ್ಳುತ್ತೇನೆ.

ನಿನ್ನ ಕಾಗದ ಏನು ಮಾಡಿತು ಕೇಳು. ಮಂಗಳವಾರ ಜಾವಗಲ್ ಕಡೆಯ ಶಾಲೆಗೆ ಹೋದೆ. ಅಲ್ಲಿ ಪ್ರತಿಮಾ ಎನ್ನುವ ಟೀಚರು, ಸೇರಿ ಆರು ವರ್ಷವಾದರೂ ಮಾತು ಗಂಟಲಿನಿಂದ ಆಚೆ ಬರುವುದಿಲ್ಲ. ನಾನು ಕಲಿಸಲು ಬಂದಿದ್ದೇನೆ ಎಂದು ಅವಳು ಎದ್ದು ನಿಂತಳು. ನನಗೆ ಏನೂ ಬಾರದು ಎಂದು ನಾನೂ ನಿಂತೆ. ಇಬ್ಬರೂ ಪ್ರೊಜೆಕ್ಟರಿನ ಮುಂದೆ ಮದುವೆ ಮಂಟಪದಲ್ಲಿ ನಿಂತ ಹಾಗೆ ತಲೆ ತಗ್ಗಿಸಿಕೊಂಡು ನಿಂತಿದ್ದೆವು.

ಕೊನೆಗೆ ಬ್ಯಾಗಿನಿಂದ ನಿನ್ನ ಕಾಗದ ತೆಗೆದೆ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಕನ್ನಡಕ. ಇನ್ನು ವೈರು ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ? "ನಾನು ಓದ್ತೀನಿ ಕಣಮ್ಮ, ನೀನು ಮಾಡು," ಅಂದೆ. ಒಂದೊಂದೇ ಸಾಲು ಓದಿದೆ. ಅವಳು ಒಂದೊಂದೇ ಮಾಡಿದಳು. ವೈರು ಹೋಗಲಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಯಿತು. ನನಗೂ ಗೊತ್ತಿಲ್ಲವಲ್ಲ, ಮುಂದೆ ಹೋಗಿ ಮಾಡುವುದೇನು ಎಂದು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡೆ. ಎರಡು ನಿಮಿಷ ತಿಣುಕಾಡಿ ಅವಳೇ ತಿರುಗಿಸಿ ಸಿಕ್ಕಿಸಿದಳು. ಗೋಡೆಯ ಮೇಲೆ ಸೌರವ್ಯೂಹ ಬಂತು. ಐದನೇ ತರಗತಿಯ ಮಕ್ಕಳು ಹೋ ಎಂದು ಕಿರುಚಿದರು, ಪ್ರತಿಮಾ ಅವರಿಗಿಂತ ಜೋರಾಗಿ ಕಿರುಚಿದಳು.

ಬಸ್‌ಸ್ಟಾಪಿನವರೆಗೆ ಬಂದು ಬಿಟ್ಟಳು. ಬಸ್ ಬರುವ ಹೊತ್ತಿಗೆ ಮೆಲ್ಲಗೆ ಹೇಳಿದಳು: "ಮೇಡಂ, ನೀವು ಒಂದ್ಸಲನೂ ನನ್ ಕೈಯಿಂದ ಕಿತ್ಕೊಳ್ಲಿಲ್ಲ. ಹೋದ್ವರ್ಷ ಒಬ್ರು ಬಂದಿದ್ರು. ಎಲ್ಲಾ ಅವ್ರೇ ಮಾಡಿ, ಈಜಿ ಐತಲ್ವಾ ಅಂದು ಹೋದ್ರು. ಅವತ್ತಿಂದ ನಾನು ಅದರ ಹತ್ರಕ್ಕೇ ಹೋಗಿರ್ಲಿಲ್ಲ."

ನನಗೆ ಬಾರದ್ದೇ ಒಳ್ಳೆಯದಾಯಿತು ನೋಡು. ಗೋಡೆಯ ಮೇಲೆ ಬಂದ ಚಿತ್ರ ತಲೆಕೆಳಗಾದರೆ ಏನು ಮಾಡಬೇಕು, ಬರೆ.

ನಿನ್ನ
ಮೇಡಂ


ಅರಸೀಕೆರೆ
8 ಸೆಪ್ಟೆಂಬರ್ 2024, ಭಾನುವಾರ

ಹೇಮಾ,

ನೀನು ಬರೆಯಲಿಲ್ಲ. ತಲೆಕೆಳಗಾದ ಚಿತ್ರವನ್ನು ನಾನೇ ಸರಿ ಮಾಡಿದೆ. ಹೇಗೆ ಅಂದೆಯಾ? ರಿಮೋಟಿನ ಬಟನ್‌ಗಳನ್ನು ಒಂದೊಂದಾಗಿ ಒತ್ತಿದೆ. ಹದಿನೇಳನೆಯದಕ್ಕೆ ಸಿಕ್ಕಿತು. ಈಗ ಹದಿನೇಳು ಬಟನ್‌ಗಳೂ ಏನು ಮಾಡುತ್ತವೆ ಎಂದು ಗೊತ್ತು.

ಗಂಡಸಿ ಕಡೆಯ ಶಾಲೆಗೆ ಮೂರು ಸಲ ಹೋಗಿಬಂದೆ. ಅಲ್ಲಿನ ಹೆಡ್‌ಮಾಸ್ಟರು ಗಿಡ್ಡಪ್ಪನವರು, ಇನ್ನೆಂಟು ತಿಂಗಳಿಗೆ ನಿವೃತ್ತಿ. ಪ್ರೊಜೆಕ್ಟರಿಗೆ ಹೂವಿನ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದಾರೆ. ಎತ್ತಿ ನೋಡಿದರೆ ಉದ್ಘಾಟನೆಯ ದಿನ ಇಟ್ಟ ಅರಿಶಿನ ಕುಂಕುಮ ಇನ್ನೂ ಹಾಗೇ ಇದೆ. ರಿಮೋಟು ಬೀರುವಿನಲ್ಲಿ, ಬೀರುವಿನ ಕೀ ಅವರ ಅಂಗಿಯ ಒಳಜೇಬಿನಲ್ಲಿ. "ಕೆಟ್ಟೋದ್ರೆ ನನ್ ತಲೆ ಮೇಲೆ ಬತ್ತದೆ ಕಣಮ್ಮ. ಚಾರ್ಜು ಕೊಡೋವಾಗ ಇರೋದನ್ನ ಇರೋ ಹಂಗೇ ಒಪ್ಪಿಸ್ಬೇಕು," ಎನ್ನುತ್ತಾರೆ. ಎರಡು ಸಲ ವಾದ ಮಾಡಿ ಸೋತೆ. ಮೂರನೇ ಸಲ, "ನಾನು ಮುಟ್ಟೋದೇ ಇಲ್ಲ ಸಾರ್, ನನಗೆ ಅಷ್ಟು ಬರೋದೂ ಇಲ್ಲ. ನೀವೇ ಮುಟ್ಟಿ, ನಾನು ದೂರ ಕೂತು ಓದ್ತೀನಿ," ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಾಗಿಲು ಹಾಕಿಕೊಂಡು ಬಂದು ಬೆಡ್‌ಶೀಟು ಮಡಿಚಿ ಇಟ್ಟರು. ಒಂದು ಗಂಟೆ ಹಿಡಿಯಿತು. ಮುಗಿದ ಮೇಲೆ ಆ ಮನುಷ್ಯ ಬೆವರು ಒರೆಸಿಕೊಂಡು, "ಇಷ್ಟೇನಾ ಇದು?" ಎಂದು ನನ್ನ ಮೇಲೇ ರೇಗಿದರು.

ಈಗ ನಿನಗೆ ಹೇಳಬೇಕಾದ್ದನ್ನು ಹೇಳುತ್ತೇನೆ. ಅವತ್ತು ಯಾಕೆ ಸುಮ್ಮನಿದ್ದೆ ಅಂತ.

ಮೂವತ್ತೊಂದು ವರ್ಷದಲ್ಲಿ ಎಷ್ಟು ತರಬೇತಿ ಬಂದು ಹೋದವು ನಿನಗೆ ಗೊತ್ತಿಲ್ಲ. ಪ್ರತಿ ಸಲ ನನ್ನ ಹೆಸರಿಗೆ ಒಂದು ನೆಪ ಹುಟ್ಟುತ್ತಿತ್ತು. ಒಂದು ಸಲ, ಮಗು ಚಿಕ್ಕದು ನಿಮಗೆ ಕಷ್ಟ ಅಂದರು. ಇನ್ನೊಂದು ಸಲ, ನಿಮ್ಮ ತರಗತಿ ಬಿಟ್ಟು ಹೋದರೆ ಮಕ್ಕಳಿಗೆ ತೊಂದರೆ ಅಂದರು. ಮೈಸೂರಿನಲ್ಲಿ ಹತ್ತು ದಿನದ ತರಬೇತಿ ಬಂದಾಗ ಆಗಿನ ಹೆಡ್‌ಮಾಸ್ಟರು ಬಹಳ ಮೆದುವಾಗಿ, "ಅಲ್ಲಿ ಎಲ್ರಿಗೂ ಒಂದೇ ಕಡೆ ಊಟ ಗಿರಿಯಮ್ಮ, ನಿಮಗೇ ಇರುಸುಮುರುಸು ಆಗ್ಬೋದು," ಅಂದರು. ಯಾರಿಗೆ ಇರುಸುಮುರುಸು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಮ್ಮ ಸ್ಟಾಫ್‌ರೂಮಿನಲ್ಲಿ ಕೇಳದೆಯೇ ನನ್ನ ಡಬ್ಬಿಗೆ ಕೈ ಹಾಕಿ ಮುದ್ದೆ ಮುರಿದುಕೊಂಡವಳು ಮೊದಲಿಗೆ ನೀನೇ. ಅದೂ ನನ್ನ ಸರ್ವೀಸು ಇಪ್ಪತ್ತೆರಡು ವರ್ಷ ಆದಮೇಲೆ.

ಜೂನ್‌ನಲ್ಲಿ ಆ ಕಾಗದದ ಮೇಲೆ ಒಂದು ಎಂದು ಬರೆದು ಮುಂದೆ ನನ್ನ ಹೆಸರು ಬರೆದಿದ್ದರು. ನೋಡುತ್ತಲೇ ಇರಬೇಕು ಅನ್ನಿಸಿತು. ಅದು ನಿನಗೆ ಸೇರಬೇಕಾದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟುಕೊಡಲಿಲ್ಲ. ಆಸೆ ಕಣೇ. ಐವತ್ತೇಳಕ್ಕೂ ಆಸೆ ಇರುತ್ತದೆ.

ನಿನ್ನ
ಗಿರಿಯಮ್ಮಕ್ಕ


ಹಳೇಬೀಡು
22 ಸೆಪ್ಟೆಂಬರ್ 2024

ಗಿರಿಯಮ್ಮಕ್ಕಾ,

ನಿಮ್ಮ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ತೆಗೆದು ಓದಿದೆ. ನಮ್ಮವರು ಬೇಲೂರಿನಿಂದ ಕೆಲಸ ಮುಗಿಸಿ ಬಂದವರು ಏನಾಯಿತು ಎಂದು ಕೇಳಿದರೆ ಅವರ ಮೇಲೆ ಹರಿಹಾಯ್ದೆ.

ಊಟದ ಮಾತು ನನಗೆ ಯಾಕೆ ಹೇಳಿರಲಿಲ್ಲ? ಒಂಬತ್ತು ವರ್ಷ ಇತ್ತಲ್ಲ.

ಆದರೆ ನನಗೆ ನೋವಾಗಿದ್ದು ಪಟ್ಟಿಯಿಂದ ಅಲ್ಲ. ಪಟ್ಟಿ ಬಂದ ಮೇಲೆ ಮೂರು ದಿನ ನೀವು ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಡಬ್ಬಿ ಎತ್ತಿಕೊಂಡು ಒಂದನೇ ತರಗತಿಯ ಕೋಣೆಗೆ ಹೋಗಿ ಒಬ್ಬರೇ ಊಟ ಮಾಡಿದಿರಿ. ಹೇಮಾ, ನನಗೆ ಇದು ಬೇಕು ಕಣೇ ಎಂದು ಒಂದು ಮಾತು ಅಂದಿದ್ದರೆ ಏನು ಹೋಗುತ್ತಿತ್ತು? ನಾನು ನಗುನಗುತ್ತಾ ಬಿಟ್ಟುಕೊಡುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ನನಗೂ ಬೇಕಾಗಿತ್ತು. ಆದರೆ ನಿಮ್ಮ ಬಾಯಿಂದ ಕೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮೊದಲೇ ಹಾಕಿದ್ದ ವರ್ಗಾವಣೆ ಅರ್ಜಿಯನ್ನು ನಿಮಗೋಸ್ಕರ ವಾಪಸ್ ಪಡೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ನೀವು ಆ ಕೋಣೆಯ ಬಾಗಿಲು ಮುಂದಕ್ಕೆ ಹಾಕಿಕೊಂಡ ಮೂರನೇ ದಿನ ಮನಸ್ಸು ಬದಲಾಯಿಸಿದೆ.

ಇನ್ನೊಂದು ಮಾತು. ಜಾವಗಲ್ ಕಡೆಯ ಶಾಲೆಗೆ ಹೋದ ವರ್ಷ ಹೋಗಿದ್ದವಳು ನಾನೇ. ಎಲ್ಲಾ ತಾನೇ ಮಾಡಿ ಈಜಿ ಎಂದು ಹೋದವರು ಬೇರೆ ಯಾರೂ ಅಲ್ಲ. ಗೊತ್ತಿದ್ದು ಚುಚ್ಚಲೆಂದು ಬರೆದಿರೋ, ಗೊತ್ತಿಲ್ಲದೆ ಬರೆದಿರೋ? ನಾನು ಅರ್ಧ ದಿನ ರಜೆ ಹಾಕಿ, ಬಿಸಿಲಿನಲ್ಲಿ ಗಾಡಿ ಓಡಿಸಿಕೊಂಡು ಹೋಗಿ ಸಹಾಯ ಮಾಡಿದ್ದೆ. ಅದಕ್ಕೆ ಸಿಕ್ಕ ಮರ್ಯಾದೆ ಇದು.

ಶಬ್ದ ಬರದಿದ್ದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಸ್ಪೀಕರಿನ ಗುರುತು ಒತ್ತಿ ನೋಡಿ.

ಹೇಮಾ


ಅರಸೀಕೆರೆ
22 ಅಕ್ಟೋಬರ್ 2024

ಹೇಮಾ,

ಗೊತ್ತಿರಲಿಲ್ಲ ಕಣೇ. ಪ್ರತಿಮಾ ಹೆಸರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಒಂದನೇ ತರಗತಿಯ ಕೋಣೆಯ ವಿಷಯದಲ್ಲಿ ನಾನು ಮಾಡಿದ್ದು ತಪ್ಪು. ನಿನ್ನ ಮುಖ ನೋಡಿದರೆ ಬಿಟ್ಟುಕೊಟ್ಟುಬಿಡುತ್ತೇನೆ ಎಂದು ಹೆದರಿ ಓಡಿಹೋಗಿದ್ದೆ. ತಪ್ಪಾಯಿತು.

ದಸರಾ ರಜೆಯಲ್ಲಿ ನಿನ್ನ ಕಾಗದಕ್ಕೆ ಉತ್ತರ ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಐದನೆಯದನ್ನು ಕಳಿಸುತ್ತಿದ್ದೇನೆ. ಓದಿ ನೀನು ಹರಿದರೂ ಸರಿ.

ನಮ್ಮ ಶಾಲೆಗೆ ಪ್ರೊಜೆಕ್ಟರು ಬಂದು ಐದು ವರ್ಷ. ಅದಕ್ಕೂ ಮುಂಚೆ ಹಳೇ ಕಂಪ್ಯೂಟರಿತ್ತು. ಇಷ್ಟು ವರ್ಷದಲ್ಲಿ ನಾನು ಮೌಸಿಗೆ ಕೈ ಹಾಕಿದಾಗಲೆಲ್ಲ ಏನಾಯಿತು ಹೇಳು. ಪರದೆಯ ಮೇಲಿನ ಬಾಣ ಒಂದು ಸಲ ಅತ್ತ ಹೋಗಿ ಇತ್ತ ಬರುವುದರೊಳಗೆ ನೀನು, "ಬಿಡಿ ಅಕ್ಕಾ, ನಾನು ಮಾಡ್ತೀನಿ," ಎಂದು ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದೆ. ಹಿರಿಯರು ಒದ್ದಾಡುವುದನ್ನು ನೋಡುತ್ತಾ ನಿಲ್ಲಬಾರದು ಎಂದು ನಮ್ಮ ಕಡೆ ಮಕ್ಕಳಿಗೆ ಕಲಿಸುತ್ತೇವಲ್ಲ, ಹಾಗೆ. ಭಾರದ ಚೀಲ ಕಂಡರೆ ಕೈಯಿಂದ ಇಸ್ಕೊಳ್ಳುತ್ತೇವಲ್ಲ, ಹಾಗೆ. ಎಂಥ ಒಳ್ಳೇ ಹುಡುಗಿ ಎಂದು ನಾನೂ ನಿನ್ನ ಬಗ್ಗೆ ಹೆಮ್ಮೆಪಟ್ಟುಕೊಂಡು ಪಕ್ಕಕ್ಕೆ ಸರಿಯುತ್ತಿದ್ದೆ. ನನ್ನ ಏಳನೇ ತರಗತಿಗೆ ವಿಜ್ಞಾನದ ವಿಡಿಯೋ ಹಾಕಬೇಕಾದರೂ ನೀನೇ ಬರಬೇಕು. ನೀನು ರಜೆ ಹಾಕಿದ ದಿನ ಮಕ್ಕಳು, "ಇವತ್ತು ಹೇಮಾ ಮಿಸ್ ಬಂದಿಲ್ಲ, ಪ್ರೊಜೆಕ್ಟರ್ ಇಲ್ಲ," ಎಂದು ಅವರೇ ಹೇಳಿಕೊಂಡು ಕಿಟಕಿ ತೆಗೆಯುತ್ತಿದ್ದರು.

ನೀನು ಹೋದ ಮೇಲೆ ಮೂರು ತಿಂಗಳಲ್ಲಿ ಕಲಿತದ್ದನ್ನು ನೀನಿದ್ದಾಗ ಒಂಬತ್ತು ವರ್ಷದಲ್ಲಿ ಕಲಿಯಲಿಲ್ಲ. ನಿನ್ನ ಕಾಗದಕ್ಕೆ ಕೈ ಇರಲಿಲ್ಲ, ಅದಕ್ಕೇ ಅದು ಕಲಿಸಿತು. ನೀನು ನನ್ನನ್ನು ಕಲಿಯಲು ಬಿಡಲಿಲ್ಲ ಹೇಮಾ. ಪ್ರೀತಿಯಿಂದಲೇ ಇರಬಹುದು, ಆದರೂ ಬಿಡಲಿಲ್ಲ. ಹಾಸನದಲ್ಲಿ ಆ ನಲವತ್ತು ಜನರ ನಡುವೆ ನಾನು ಅನುಭವಿಸಿದ ಅವಮಾನದಲ್ಲಿ ಸ್ವಲ್ಪ ನಿನ್ನದೂ ಪಾಲಿದೆ.

ಬರೆದುಬಿಟ್ಟೆ. ಹರಿಯುವ ಮುಂಚೆ ಈಗಲೇ ಪೋಸ್ಟ್ ಡಬ್ಬಿಗೆ ಹಾಕಿ ಬರುತ್ತೇನೆ.

ನಿನ್ನ
ಗಿರಿಯಮ್ಮಕ್ಕ


ಅರಸೀಕೆರೆ
8 ಡಿಸೆಂಬರ್ 2024, ಭಾನುವಾರ

ಹೇಮಾ,

ದೀಪಾವಳಿ ಹೋಯಿತು, ರಾಜ್ಯೋತ್ಸವ ಹೋಯಿತು, ನಿನ್ನಿಂದ ಒಂದಕ್ಷರ ಇಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುವಂತಾಗಿದ್ದಾನೆ. "ಕಟುವಾಗಿ ಬರ್ದೆ ಕಣಮ್ಮೀ, ಆ ಹುಡುಗೀಗೆ ನೊಂದಿರ್ತದೆ," ಎಂದು ಯಜಮಾನರು ಅಂದರು. ಇರಬಹುದು. ಬರೆದದ್ದನ್ನು ಸುಳ್ಳು ಎನ್ನಲಾರೆ. ಆದರೆ ನಿನ್ನನ್ನು ಕಳೆದುಕೊಳ್ಳಲೂ ನನ್ನಿಂದ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದೋ ಗೊತ್ತಾಗುತ್ತಿಲ್ಲ.

ಜನವರಿ ಹದಿನೆಂಟಕ್ಕೆ ಅರಸೀಕೆರೆಯ ಸಭೆ. ಮಾಡಿ ತೋರಿಸುವುದಕ್ಕೆ ಈಗ ಭಯವಿಲ್ಲ. ಅಲ್ಲಿ ಇನ್ನೊಂದು ಮಾತು ಹೇಳಬೇಕು ಎಂದು ತೀರ್ಮಾನ ಮಾಡಿದ್ದೇನೆ. ಅದಕ್ಕೇ ಭಯ.

ಗಿರಿಯಮ್ಮಕ್ಕ


ಅರಸೀಕೆರೆ
19 ಜನವರಿ 2025, ಭಾನುವಾರ

ಹೇಮಾ,

ನಿನ್ನೆ ಸಭೆ ಮುಗಿಯಿತು. ಬೇರೆಯವರ ಬಾಯಿಂದ ನಿನಗೆ ತಲುಪುವ ಮುಂಚೆ ನಾನೇ ಬರೆಯುತ್ತೇನೆ.

ಸಭಾಂಗಣದಲ್ಲಿ ನೂರು ನೂರಿಪ್ಪತ್ತು ಜನ. ನನ್ನ ಸರದಿ ಬಂದಾಗ ನಾನು ಪ್ರತಿಮಾಳನ್ನು ವೇದಿಕೆಗೆ ಕರೆದು, ಕುರ್ಚಿ ಎಳೆದುಕೊಂಡು ಹಿಂದೆ ಕೂತೆ. ಅವಳು ವೈರು ಸಿಕ್ಕಿಸಿ, ಪುಸ್ತಕದ ಪಾಠ ತೆಗೆದು, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ, ಹದಿನೈದು ನಿಮಿಷ ಪಾಠ ಮಾಡಿದಳು. ದನಿ ಕೊನೇ ಸಾಲಿಗೂ ಕೇಳಿಸಿತು. ಒಂದು ಕಡೆ ತಡವರಿಸಿದಾಗ ಸಭೆಯೆಲ್ಲ ನನ್ನ ಕಡೆ ನೋಡಿತು, ಈ ಹೆಂಗಸು ಎದ್ದು ಸಹಾಯ ಮಾಡಬಾರದೇ ಅಂತ. ನಾನು ಏಳಲಿಲ್ಲ. ಅವಳೇ ದಾರಿ ಕಂಡುಕೊಂಡಳು.

ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. "ಮಾರ್ಗದರ್ಶಿ ನೀವಲ್ವಾ? ನೀವು ಮಾಡಿ ತೋರಿಸ್ಬೇಕು ಮೇಡಂ," ಅಂದರು. ಎದ್ದು ಹೋಗಿ ಎಲ್ಲವನ್ನೂ ಆರಿಸಿ, ಮೊದಲಿನಿಂದ ಹಚ್ಚಿ ತೋರಿಸಿದೆ. ಯಾವುದೂ ತಪ್ಪಲಿಲ್ಲ. ಅಲ್ಲಿಗೇ ಇಳಿದು ಬಂದಿದ್ದರೆ ಚಪ್ಪಾಳೆ ತೆಗೆದುಕೊಂಡು ಮನೆಗೆ ಬರಬಹುದಿತ್ತು. ಮೈಕ್ ಕೈಯಲ್ಲೇ ಇತ್ತು, ಹೇಳಿಬಿಟ್ಟೆ. "ಜೂನ್ ತಿಂಗಳಲ್ಲಿ ನನಗೆ ಇದರಲ್ಲಿ ಒಂದೂ ಬರ್ತಿರ್ಲಿಲ್ಲ ಸಾರ್. ಹಿರಿತನದ ಮೇಲೆ ನನ್ನ ಹೆಸರು ಬಂತು. ಬರಬೇಕಾಗಿದ್ದೋರು ಹೇಮಾಶ್ರೀ ಅಂತ, ನಮ್ಮ ಶಾಲೇಲೇ ಇದ್ರು, ಈಗ ಹಳೇಬೀಡಲ್ಲಿದ್ದಾರೆ. ಅವ್ರಿಗೆ ಸೇರಬೇಕಾಗಿದ್ದು ಅಂತ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನಂಗೆ ಇಷ್ಟು ಕಲಿಸಿದ್ದೂ ಅವ್ರು ಬರೆದ ಕಾಗದಾನೇ."

ನಮ್ಮ ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. ಹಿಂದಿನ ಸಾಲಿನಿಂದ ಗಿಡ್ಡಪ್ಪನವರು ಎದ್ದು, "ನಂಗೂ ಬತ್ತಿರ್ಲಿಲ್ಲ ಸಾಮಿ, ಬೆಡ್‌ಶೀಟ್ ಹೊದ್ಸಿ ಮಡಗಿದ್ದೆ," ಎಂದು ಗಟ್ಟಿಯಾಗಿ ಅಂದರು. ಆಮೇಲೆ ಇನ್ನೂ ಇಬ್ಬರು ಮೂವರು ನಮಗೂ ಬರುವುದಿಲ್ಲ ಅಂದರು. ಸಭೆಯಲ್ಲಿ ನಗುವೆದ್ದಿತು, ಆದರೆ ಗೇಲಿ ಮಾಡುವ ನಗು ಆಗಿರಲಿಲ್ಲ.

ಸಂಜೆ ಹೊಸ ಪಟ್ಟಿ ಓದಿದರು. ಮುಂದಿನ ವರ್ಷದ ಮಾರ್ಗದರ್ಶಿ ಪ್ರತಿಮಾ. ನನ್ನ ಹೆಸರು ತೆಗೆದಿದ್ದಾರೆ. ನೀನು ಬೇರೆ ತಾಲ್ಲೂಕಿಗೆ ಹೋದವಳು, ನಿನ್ನ ಹೆಸರು ಬರುವಂತಿಲ್ಲ. ಅವಳು ಓಡಿಬಂದು ನನ್ನ ಕಾಲು ಮುಟ್ಟಿದಳು. ನಾನು ಸಂತೋಷಪಟ್ಟೆ ಎಂದು ಬರೆಯಬೇಕು ಅಲ್ಲವೇ? ಹೊಟ್ಟೆ ಉರಿಯಿತು ಕಣೇ. ಮನೆಗೆ ನಡೆದು ಬರುವಾಗ ಪೂರಾ ದಾರಿ ಉರಿಯಿತು. ಆಗ ನಿನಗೆ ಜೂನ್‌ನಲ್ಲಿ ಏನಾಗಿರಬಹುದು ಎಂದು ಅಂದಾಜಾಯಿತು.

ಇನ್ನು ನನ್ನ ಹತ್ತಿರ ಹೇಳಲು ಏನೂ ಉಳಿದಿಲ್ಲ. ಕ್ಷಮಿಸಿದ್ದೀಯೋ ಇಲ್ಲವೋ, ಅಷ್ಟನ್ನು ಒಂದು ಕಾರ್ಡಿನಲ್ಲಾದರೂ ಬರೆ.

ನಿನ್ನ
ಗಿರಿಯಮ್ಮಕ್ಕ


ಹಳೇಬೀಡು
2 ಫೆಬ್ರವರಿ 2025, ಭಾನುವಾರ

ಅಕ್ಕಾ,

ಕ್ಷಮಿಸುವುದು ಬಿಡಿ, ಮೊದಲು ನಾನು ಹೇಳುವುದನ್ನು ಕೇಳಿ.

ನಿಮ್ಮ ಅಕ್ಟೋಬರ್ ಕಾಗದವನ್ನು ನಾನು ಹರಿಯಲಿಲ್ಲ. ಮೇಜಿನ ಡ್ರಾಯರಿನಲ್ಲಿ ಇಟ್ಟು ಒಂದು ತಿಂಗಳು ನಿಮ್ಮನ್ನು ಮನಸ್ಸಿನಲ್ಲೇ ಬೈದೆ. ಅಷ್ಟು ಸಹಾಯ ಮಾಡಿದವಳನ್ನು ಹೀಗೆ ಅನ್ನಬಹುದೇ ಎಂದು.

ಇಲ್ಲಿ ಶಿವಕುಮಾರ್ ಸರ್ ಅಂತ ಗಣಿತದ ಮೇಷ್ಟರಿದ್ದಾರೆ, ಐವತ್ತು ದಾಟಿದವರು. ನಾನು ಬಂದ ವಾರದಿಂದಲೂ ಅವರ ಪ್ರೊಜೆಕ್ಟರ್ ನಾನೇ ಹಚ್ಚಿಕೊಡುತ್ತಿದ್ದೆ. ನವೆಂಬರಿನಲ್ಲಿ ಒಂದು ದಿನ, ನಿಮ್ಮ ಮೇಲಿನ ಹಟಕ್ಕೇ, ನೋಡೋಣ ಎಂದು ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತೆ. ಅವರು ಒದ್ದಾಡಿದರು. ಪೀರಿಯಡ್ಡು ಮುಗಿದೇ ಹೋಯಿತು. ಮರುದಿನ ಮತ್ತೆ ನಿಂತೆ. ಐದನೇ ದಿನ ಅವರು ನನ್ನನ್ನು ಕರೆಯಲೇ ಇಲ್ಲ. ಕಾರಿಡಾರಿನಲ್ಲಿ ಹೋಗುತ್ತಾ ಕಿಟಕಿಯಿಂದ ನೋಡಿದೆ. ಗೋಡೆಯ ಮೇಲೆ ವೃತ್ತ ಬರೆದು ತೋರಿಸುತ್ತಿದ್ದರು, ಮಕ್ಕಳು ಕಣ್ಣು ಕೀಳದೆ ನೋಡುತ್ತಿದ್ದರು.

ನನಗೆ ಖುಷಿಯಾಗಬೇಕಿತ್ತು ಅಕ್ಕಾ. ಆಗಲಿಲ್ಲ. ನನ್ನದೇನೋ ಕಿತ್ತುಕೊಂಡರು ಅನ್ನಿಸಿತು. ಅವತ್ತು ಅದೇ ಕಾರಿಡಾರಿನಲ್ಲಿ ನಿಂತು ನನಗೆ ಗೊತ್ತಾಯಿತು, ಇಷ್ಟು ವರ್ಷ ನಿಮ್ಮ ಕೈಯಿಂದ ಮೌಸ್ ತೆಗೆದುಕೊಂಡಿದ್ದು ಬರೀ ಗೌರವಕ್ಕಲ್ಲ. ಶಾಲೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ ಆಗಿರಬೇಕು ಎನ್ನುವ ಆಸೆ ಇತ್ತು. ಹೇಮಾ ಇಲ್ಲದೆ ನಡೆಯುವುದಿಲ್ಲ ಎಂದು ನೀವು ಅನ್ನುವುದನ್ನು ಕೇಳಬೇಕು ಅನ್ನಿಸುತ್ತಿತ್ತು. ಕಲಿಸಿದರೆ ನೀವು ಎರಡು ವಾರದಲ್ಲಿ ಕಲಿಯುತ್ತೀರಿ ಎಂದು ನನಗೆ ಗೊತ್ತಿತ್ತು. ಬೇಕೆಂದೇ ಕಲಿಸಲಿಲ್ಲ.

ಇದನ್ನು ಬರೆಯಲಾಗದೇ ನವೆಂಬರಿನಿಂದ ಸುಮ್ಮನಿದ್ದೆ. ನೀವು ನೂರಾರು ಜನರ ಮುಂದೆ ಮೈಕಿನಲ್ಲಿ ಹೇಳಿದಿರಿ. ನನಗೆ ಒಬ್ಬರ ಮುಂದೆ ಹೇಳಲು ಇಷ್ಟು ದಿನ ಬೇಕಾಯಿತು. ಈಗ ನೀವು ಹೇಳಿ, ಯಾರು ಯಾರನ್ನು ಕ್ಷಮಿಸಬೇಕು?

ನಿಮ್ಮ
ಹೇಮಾ


ಅರಸೀಕೆರೆ
9 ಫೆಬ್ರವರಿ 2025, ಭಾನುವಾರ

ಹೇಮಾ,

ಗೊತ್ತಿತ್ತು ಕಣೇ.

ಮೂವತ್ತೊಂದು ವರ್ಷ ಮಕ್ಕಳ ಮುಖ ನೋಡಿದವಳು ನಾನು. ನನ್ನ ಬೆರಳಿನ ಕೆಳಗಿಂದ ನೀನು ಮೌಸ್ ಎಳೆದುಕೊಳ್ಳುವಾಗ ನಿನ್ನ ಮುಖದಲ್ಲಿ ಏನಿರುತ್ತಿತ್ತು ಎಂದು ನನಗೆ ಕಾಣುತ್ತಿರಲಿಲ್ಲವೇ? ಅಕ್ಟೋಬರಿನಲ್ಲಿ ನಿನ್ನ ಮೇಲೆ ಹೊರಿಸಿದ್ದು ಅರ್ಧ. ಇನ್ನರ್ಧ ನನ್ನದು, ಅದನ್ನು ನಿನ್ನಿಂದಲೂ ಯಜಮಾನರಿಂದಲೂ ಮುಚ್ಚಿಟ್ಟಿದ್ದೆ.

ವಾರಕ್ಕೆ ಮೂರು ಪೀರಿಯಡ್ಡು ನೀನು ನನ್ನ ಏಳನೇ ತರಗತಿಗೆ ಬರುತ್ತಿದ್ದೆ. ವಿಡಿಯೋ ಹಾಕಿ, ಮುಗಿಯುವವರೆಗೂ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಮಕ್ಕಳಿಗೆ ಕೇಳಿಸದ ಹಾಗೆ ನಿನ್ನ ಅತ್ತೆಯ ಸುದ್ದಿ ಹೇಳಿ ನಗಿಸುತ್ತಿದ್ದೆ. ನನ್ನ ಸರ್ವೀಸಿನಲ್ಲಿ ಯಾರೂ ಬಂದು ನನ್ನ ಪಕ್ಕ ಹಾಗೆ ಕೂತಿರಲಿಲ್ಲ. ನಾನು ಕಲಿತುಬಿಟ್ಟರೆ ನೀನು ಯಾಕೆ ಬರುತ್ತೀಯ? ಅದಕ್ಕೇ ಪ್ರತಿ ಸಲ ಬೇಕೆಂದೇ ಬಾಣವನ್ನು ಅತ್ತ ಇತ್ತ ಓಡಿಸುತ್ತಿದ್ದೆ, ನೀನು ಬಿಡಿ ಅಕ್ಕಾ ಅನ್ನಲಿ ಅಂತ.

ಈಗ ನನಗೆ ಎಲ್ಲಾ ಬರುತ್ತೆ ಹೇಮಾ. ಆದರೂ ಬಾ.

ಅಕ್ಕ